ಇಡೀ ಗಾರ್ಡನ್

ನಾಲ್ಕನೆಯ ಸಲವೂ ಅರ್ಜಿ ಗಾಜಿನ ಕಿಂಡಿಯಿಂದ ಹೊರಗೆ ಬಂತು.

“ಹಳೇ ನಕ್ಷೆ ಲಗತ್ತಿಸಿಲ್ಲ,” ಎಂದಳು ಜ್ಯೋತ್ಸ್ನಾ. ಮುಂಬೈ ಜೋಗೇಶ್ವರಿಯ ಆ ವಾರ್ಡ್ ಆಫೀಸಿನಲ್ಲಿ ಕನ್ನಡ ಬರುತ್ತಿದ್ದ ಗುಮಾಸ್ತೆ ಅವಳೊಬ್ಬಳೇ, ಉಡುಪಿ ಕಡೆಯವಳು. ಅದು ಗೊತ್ತಾದ ದಿನ ಶಂಕ್ರೆಪ್ಪ ದೇವರೇ ಸಿಕ್ಕಷ್ಟು ಹಿಗ್ಗಿದ್ದ. ಈಗ ಅವಳ ಮುಖ ಕಂಡರೆ ಮೈ ಉರಿಯುತ್ತಿತ್ತು.

“ಮೊದಲ ಸಲ ಮರಾಠಿಯೊಳಗ ಬರಸ್ಕೊಂಡು ಬರ್ರಿ ಅಂದ್ರಿ, ಬರಸಿದೆ. ಆಮ್ಯಾಲ ಸಹಿ ಸಾಲೂದಿಲ್ಲ ಅಂದ್ರಿ. ಇನ್ನೂರಾ ಹದಿನಾರು ಸಹಿ ತಂದೆ. ಆಧಾರ್ ಝೆರಾಕ್ಸ್ ಅಂದ್ರಿ, ಅದೂ ತಂದೆ. ಈಗ ನಕ್ಷೆ ಏನ್ರೀ ಮೇಡಂ?”

“ನಕ್ಷೆ ಒಮ್ಮೆ ಕಣ್ಣಾರೆ ನೋಡಿ ಮಾರಾಯ್ರೆ. ಆಮೇಲೆ ಕೊಡುವಿರಂತೆ.”

“ನಾ ಗ್ವಾಡಿ ಕಟ್ಟೂ ಗೌಂಡಿ ಅದೀನ್ರಿ. ನಮ್ಮ ಮೈದಾನ ಉದ್ದ ಎಂಬತ್ತು ಹೆಜ್ಜಿ, ಅಗಲ ಐವತ್ತು. ಇಪ್ಪತ್ತೆಂಟು ವರ್ಷ ತುಳದೀನಿ. ನನಗ್ಯಾಕ್ರಿ ನಕ್ಷೆ?”

ಜ್ಯೋತ್ಸ್ನಾ ಹಿಂದಕ್ಕೆ ತಿರುಗಿ ನೋಡಿದಳು. ಒಳಗಿನ ಮೇಜಿನಲ್ಲಿ ಇಂಜಿನಿಯರ್ ಸಾಹೇಬರು ಚಹಾ ಕುಡಿಯುತ್ತಿದ್ದರು. ಅವಳು ದನಿ ತಗ್ಗಿಸಿದಳು.

“ಇಡೀ ಗಾರ್ಡನ್ ಬೇಕು ಅಂತ ಬರೀಬೇಡಿ. ಅಷ್ಟು ಹಠ ಯಾಕೆ? ಅರ್ಧ ಕೇಳಿ, ಸಾಕು.”

ಅರ್ಧ! ಶಂಕ್ರೆಪ್ಪನಿಗೆ ಎಲ್ಲ ತಿಳಿದುಹೋಯಿತು. ಉಳಿದರ್ಧ ಯಾರ ಬಾಯಿಗೆ ಎಂದು ಬೇರೆ ಕೇಳಬೇಕೆ? ಅರ್ಜಿ ಮಡಚಿಕೊಂಡು ಹೊರಗೆ ಬಂದ.

ಹೊರಗೆ ಬಂದವನಿಗೆ ಅಳು ಬರುವಷ್ಟು ಸಿಟ್ಟು. ಆಕ್ಷೇಪಣೆ ಕೊಡಲು ಉಳಿದಿದ್ದದ್ದು ನಾಲ್ಕೇ ದಿನ. ಹೊಸ ನಗರ ಯೋಜನೆಯ ಕರಡಿನಲ್ಲಿ ಆ ಮೈದಾನದ ಮೇಲೆ ಏಳು ಮಹಡಿಯ ಪಾರ್ಕಿಂಗ್ ಕಟ್ಟಡ ಬಂದು ಕೂತಿತ್ತು. ಹಳೆಯ ಯೋಜನೆಯಲ್ಲಿ ಅದು ಉದ್ಯಾನಕ್ಕೆ ಮೀಸಲಾದ ಜಾಗ. ಉದ್ಯಾನವೇನೂ ಆಗಿರಲಿಲ್ಲ, ಬರೀ ಕೆಂಪು ಮಣ್ಣು. ಆದರೂ ಅರವತ್ತು ಮನೆಯ ಚಾಳಿಗೆ ಗಾಳಿ ಬೆಳಕು ಅಂತ ಇದ್ದದ್ದು ಅದೊಂದೇ ಕಡೆಯಿಂದ.

ಚಾಳಿನವರೆಲ್ಲ ಬಿಜಾಪುರ, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಯಾರೋ ಕಟ್ಟಿ ಮಾರಿದ ಒಂದೊಂದು ಕೋಣೆ ಕೊಂಡು ನೆಲೆಯೂರಿದ್ದರು. ಎಲ್ಲರ ಹತ್ತಿರ ಲೈಟ್ ಬಿಲ್ಲಿತ್ತು, ರೇಷನ್ ಕಾರ್ಡಿತ್ತು. ಅದಕ್ಕಿಂತ ಹೆಚ್ಚಿನ ಕಾಗದ ಯಾರೂ ಕೇಳಿರಲಿಲ್ಲ. ಶಂಕ್ರೆಪ್ಪನ ಹೆಂಡತಿ ಕಾಶವ್ವನಿಗೆ ದಮ್ಮು. ಸಂಜೆ ಆ ಮೈದಾನದಲ್ಲಿ ಕೂತರೇ ಅವಳಿಗೆ ಸರಿಯಾಗಿ ಉಸಿರಾಡಲು ಆಗುತ್ತಿತ್ತು. ಅಲ್ಲಿ ಏಳು ಮಹಡಿ ಎದ್ದರೆ ಅವಳ ಗತಿ ಏನು?

“ಆಕಿ ಆ ಪಾರ್ಕಿಂಗ್ ಕಟ್ಟೂ ಬಿಲ್ಡರ್ ಕಡೀಕಿ ಅದಾಳ,” ಎಂದ ಪಕ್ಕದ ಮನೆಯ ಸಂಗಪ್ಪ. “ನಮ್ಮ ಭಾಷಾ ಮಾತಾಡಿ ನಮ್ಮ ಕುತ್ತಿಗಿ ಕೊಯ್ಯಾಕತ್ತಾಳ. ಸೀದಾ ಸಾಹೇಬರ ಕಡೆ ಹೋಗೂಣು. ಆಕಿ ಮ್ಯಾಲೂ ಒಂದು ಕಂಪ್ಲೇಂಟ್ ಬರಿ.”

ಕೊನೆಯ ದಿನ ಮೂವತ್ತು ಜನ ಕಿಂಡಿ ದಾಟಿ ಒಳಗೇ ನುಗ್ಗಿದರು. ಸಾಹೇಬರು ಗದರಲಿಲ್ಲ. ಕೂರಿಸಿದರು, ಎರಡೂ ಕಾಗದ ಓದಿದರು. ದೂರನ್ನು ಪಕ್ಕಕ್ಕಿಟ್ಟು, ಅರ್ಜಿಯ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದರು.

“ಹಳೇ ಯೋಜನೆಯಲ್ಲಿ ಇದ್ದಂತೆ, ಇಡೀ ಗಾರ್ಡನ್? ನಿಶ್ಚಯವೇ?”

“ಪೂರಾ, ಸಾಬ್,” ಎಂದ ಶಂಕ್ರೆಪ್ಪ. “ಏಕ್ ಇಂಚ್ ಭೀ ನಹೀ ಛೋಡೇಂಗೆ.”

ಸಾಹೇಬರು ಮುಗುಳ್ನಕ್ಕು ಠಸ್ಸೆ ಹೊಡೆದರು. ಜ್ಯೋತ್ಸ್ನಾ ಕುರ್ಚಿಯಿಂದ ಅರ್ಧ ಎದ್ದವಳು, ಏನೋ ಹೇಳಲು ಬಾಯಿ ತೆರೆದು ಮತ್ತೆ ಕೂತುಬಿಟ್ಟಳು. ಸಿಕ್ಕಿಬಿದ್ದ ಕಳ್ಳಿ! ಶಂಕ್ರೆಪ್ಪ ಮೀಸೆ ತಿರುವುತ್ತ ಅವಳ ಮುಂದೆಯೇ ಹಾದು ಹೋದ. ಹದಿನೈದು ದಿನ ಕಳೆಯುವಷ್ಟರಲ್ಲಿ ಅವಳನ್ನು ಎಲ್ಲಿಗೋ ಎತ್ತಂಗಡಿ ಮಾಡಿದ ಸುದ್ದಿ ಬಂತು. ಚಾಳಿನವರು ಅಂದು ಭಜಿ ಕರಿದು ತಿಂದರು.

ಮತ್ತೆ ಐದು ತಿಂಗಳು ಹೇಳಿಕೆ, ವಿಚಾರಣೆ, ಇಂದು ಬಾ ನಾಳೆ ಬಾ. ಶಂಕ್ರೆಪ್ಪ ಹತ್ತೊಂಬತ್ತು ದಿನದ ಕೂಲಿ ಬಿಟ್ಟ. ಕಾಲ ಚಪ್ಪಲಿ ಸವೆಯಿತು, ನಾಲಿಗೆಯೂ ಸವೆಯಿತು. ಸಾಕಪ್ಪಾ ಸಾಕು ಎನ್ನುವ ಹೊತ್ತಿಗೆ ಆದೇಶ ಬಂತು: ಪಾರ್ಕಿಂಗ್ ರದ್ದು. ನಾಗರಿಕರ ಆಕ್ಷೇಪಣೆಯನ್ನು ಪೂರ್ತಿಯಾಗಿ ಒಪ್ಪಲಾಗಿದೆ.

ಕಾಶವ್ವ ದಮ್ಮು ಮರೆತು ಹೋಳಿಗೆ ಮಾಡಿದಳು. ಸಂಗಪ್ಪ ಗುಲಾಲು ಎರಚಿದ. ಜಗತ್ತಿನಲ್ಲಿ ನ್ಯಾಯ ಇನ್ನೂ ಸತ್ತಿಲ್ಲ ಎಂದು ಶಂಕ್ರೆಪ್ಪ ಎದುರು ಸಿಕ್ಕವರಿಗೆಲ್ಲ ಹೇಳಿದ.

ಮುಂದಿನ ಸೋಮವಾರ ಸರ್ವೆಯವರು ಬಂದರು. ಮುಖ್ಯಸ್ಥನ ಕೊರಳಿಗೆ ಶಂಕ್ರೆಪ್ಪನೇ ಚೆಂಡು ಹೂವಿನ ಹಾರ ಹಾಕಿದ. ಟೇಪು ಹಿಡಿದವನು ಮೈದಾನದ ಆ ತುದಿಯಿಂದ ಅಳೆಯುತ್ತ ಬಂದ. ಎಂಬತ್ತು ಹೆಜ್ಜೆ ಮುಗಿಯಿತು. ಚಾಳಿನ ಗೋಡೆ ಬಂತು. ಟೇಪು ನಿಲ್ಲಲಿಲ್ಲ, ಓಣಿಯೊಳಗೆ ನುಗ್ಗಿತು. ಹಿಂದೆಯೇ ಒಬ್ಬ ಕೆಂಪು ಬಣ್ಣದ ಡಬ್ಬಿ ಹಿಡಿದು ಬರುತ್ತಿದ್ದ.

“ಸಾಬ್, ಗಾರ್ಡನ್ ಉಧರ್ ಹೈ,” ಎಂದು ಶಂಕ್ರೆಪ್ಪ ನಗುತ್ತ ಅಡ್ಡ ಬಂದ. “ಯೇ ತೋ ಹಮಾರಾ ಚಾಲ್ ಹೈ.”

“ಹಳೇ ಯೋಜನೆಯಲ್ಲಿ ಗಾರ್ಡನ್ ಈ ಚಾಳಿನ ಹಿಂದಿರುವ ನಾಲೆಯವರೆಗೂ ಇದೆ,” ಎಂದ ಮುಖ್ಯಸ್ಥ, ಹಾರ ತೆಗೆದು ಸಹಾಯಕನ ಕೈಗೆ ಕೊಡುತ್ತ. “ಚಾಳು ಎದ್ದದ್ದು ಅದರ ಮೇಲೆ. ನಿಮ್ಮ ಮೈದಾನ ಅಂದರೆ ಕಟ್ಟದೆ ಉಳಿದ ಅರ್ಧ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಫೈಲು ಮಲಗಿತ್ತು. ಈಗ ನೀವೇ ಇನ್ನೂರ ಹದಿನಾರು ಜನ ಸಹಿ ಹಾಕಿ ಕೇಳಿದ್ದೀರಲ್ಲ.”

ಅವನು ಆದೇಶದ ಹಾಳೆ ತಿರುವಿ ಹೆಸರು ಹುಡುಕಿದ.

“ಅರ್ಜಿದಾರ ಶಂಕ್ರೆಪ್ಪನ ಮನೆ ಯಾವುದು? ಗುರುತು ಹಾಕೋದನ್ನ ಅಲ್ಲಿಂದಲೇ ಶುರು ಮಾಡೋಣ.”