ಟೆಂಟಿನ ಹೊರಗಿನ ಕೂಗು

ಪಾರಿಶ್ವಾಡದ ಸಾವಂತ್ರವ್ವನಿಗೆ ಹಾಲಿನ ಪುಡಿಯ ಕಂಪನಿಯವರು ಒಂದು ಡಬ್ಬಿ ಪುಕ್ಕಟೆ ಕೊಟ್ಟರು. ಕಲಸುವ ಕ್ರಮ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ಆಕೆ ಹಳ್ಳದ ನೀರಿನಲ್ಲಿ ಕಲಸಿದಳು. ಡಬ್ಬಿ ಅರ್ಧಕ್ಕೆ ಬರುವಷ್ಟರಲ್ಲಿ ಕೂಸು ವಾಂತಿಭೇದಿಯಿಂದ ಸತ್ತಿತು.

ಹುಗಿದ ಮಣ್ಣು ಆರುವ ಮೊದಲೇ ಆಕೆ ಕೂಲಿಗೆಂದು ಅದೇ ಕಂಪನಿಯ ಜೀಪು ಹತ್ತಿದಳು.

ಜೀಪು ಓಡಿಸುತ್ತಿದ್ದವನು ಅದೇ ಓಣಿಯ ರಾಯಪ್ಪ. ಅವನಿಗೆ ಇದು ಅರ್ಥವಾಗಲಿಲ್ಲ. ಊರ ಹೆಂಗಸರಿಗೆ ಅರ್ಥವಾಗಿತ್ತು. "ಕೂಸು ತಿಂದವರ ಉಪ್ಪು ತಿನ್ನಾಕ ಹೊಂಟಾಳ ನೋಡ್ರೆವಾ" ಎಂದು ಕಟ್ಟೆಯ ಮೇಲಿಂದಲೇ ಉಗಿದರು. ಸಾವಂತ್ರವ್ವ ತಿರುಗಿ ನೋಡಲಿಲ್ಲ.

ಅದು ಎಪ್ಪತ್ತೆಂಟನೆಯ ಇಸವಿ. ಮಳೆ ಆಗಷ್ಟೇ ಹಿಂದೆಗೆದಿತ್ತು. ಖಾನಾಪುರ ತಾಲೂಕಿನ ಹಳ್ಳಿ ಹಳ್ಳಿಗೂ ಜೀಪು ಹೋಗುತ್ತಿತ್ತು. ಮೈಕು ಹಿಡಿಯುವವಳು ಬೆಳಗಾವಿಯ ಕಾಂತಾ. ಆಕೆ ನರ್ಸ್ ಅಲ್ಲ. ಕಂಪನಿ ಆಕೆಗೆ ನರ್ಸಿನ ಬಿಳಿ ಸೀರೆ ಉಡಿಸಿತ್ತು.

"ನನ್ನ ಎದಿಹಾಲು ಬತ್ತಿತ್ರೀ ಯವ್ವಗೋಳ್ರಾ. ಈ ಡಬ್ಬಿ ಇಲ್ಲದಿದ್ರ ನನ್ನ ಮಗಾ ಉಳೀತಿದ್ದಿಲ್ಲ. ನೋಡ್ರಿ ಈಗ, ಗುಂಡಕಲ್ಲಿನಂಗ ಅದಾನ!"

ಎಂದು ಕಾಂತಾ ತನ್ನ ಕೂಸನ್ನು ಎತ್ತಿ ತೋರಿಸುವಳು. ಜನ ಹೋ ಎನ್ನುವರು. ಡಬ್ಬಿಗೆ ಕೈಗಳು ಚಾಚುವವು.

ಕೂಸು ಅತ್ತರೆ ಮ್ಯಾನೇಜರ್ ಬಾಳಾಸಾಹೇಬ ಕಣ್ಸನ್ನೆ ಮಾಡುತ್ತಿದ್ದ. ಸಾವಂತ್ರವ್ವ ಕೂಸನ್ನೂ ಬಾಟಲಿಯನ್ನೂ ತೆಗೆದುಕೊಂಡು ಜೀಪಿನ ಹಿಂದಿನ ಪರದೆಯೊಳಗೆ ಹೋಗುತ್ತಿದ್ದಳು. ಅಳು ಕತ್ತರಿಸಿದಂತೆ ನಿಲ್ಲುತ್ತಿತ್ತು. ಹೊರಬಂದಾಗ ಕೂಸಿಗೆ ಗಾಢ ನಿದ್ದೆ. ಆಕೆಯ ಸೆರಗು ಹಸಿ. ಬಾಟಲಿ ತೊಳೆಯುವಾಗ ನೀರು ಸಿಡಿದಿರಬೇಕೆಂದು ರಾಯಪ್ಪ ಅಂದುಕೊಂಡಿದ್ದ.

ಒಮ್ಮೆ ಆಕೆ ಬಾಟಲಿಯ ಹಾಲನ್ನು ಬೇಲಿಗೆ ಸುರಿಯುವುದನ್ನು ಕಂಡ. ಹಾಲು ಕೊರಳಮಟ ತುಂಬಿತ್ತು. ಕೂಸು ಅದನ್ನು ಮುಟ್ಟಿಯೇ ಇರಲಿಲ್ಲ.

"ಅಕ್ಕಾ, ಮತ್ತ ಏನ ಕೊಟ್ಟು ಮಲಗಸ್ತಿ ಅದನ್ನ?"

ಆಕೆ ಬಾಟಲಿ ಝಾಡಿಸಿದಳು. "ನನ್ನ ಕೂಸಿಂದು ಉಳದಿತ್ತು. ಅದನ್ನ ಕೊಡ್ತೀನಿ."

ರಾಯಪ್ಪ ಹಿಂದೆ ಸರಿದ. ಉಳಿದದ್ದೇನೆಂದು ಓಣಿಗೆಲ್ಲ ಗೊತ್ತಿತ್ತು. ಆ ಅರ್ಧ ಡಬ್ಬಿ.

ಮಧ್ಯಾಹ್ನ ಖಾನಾಪುರದ ಖಾನಾವಳಿಯಲ್ಲಿ ಊಟಕ್ಕೆ ನಿಂತರು. ಬಾಳಾಸಾಹೇಬ ಸಾವಂತ್ರವ್ವನಿಗಾಗಿ ಸಬ್ಬಸಿಗೆ ಪಲ್ಯ ಹೇಳಿ ಮಾಡಿಸಿದ, ಮೇಲೆ ತುಪ್ಪ ಹಾಕಿಸಿದ. ಬಾಯಿ ಮುಚ್ಚಿಸಲು ತುಪ್ಪ, ರಾಯಪ್ಪ ಮನಸ್ಸಿನಲ್ಲೇ ಅಂದುಕೊಂಡ.

"ಇವತ್ತ ಜಾಂಬೋಟಿ. ಬ್ಯಾಲಿಹೂ ಜೋರ ಇರಬೇಕು ಕಾಂತಾಬಾಯಿ" ಎಂದ ಬಾಳಾಸಾಹೇಬ.

"ಹಂಗಂದ್ರ ಏನ್ರಿ ಸಾಹೇಬ್ರ?" ರಾಯಪ್ಪ ಕೇಳಿದ.

ಪುಣೆಯಲ್ಲಿ ಕಲಿತ ಬಾಳಾಸಾಹೇಬನಿಗೆ ಇಂಥ ಪ್ರಶ್ನೆ ಬಲು ಇಷ್ಟ. "ಅಮೇರಿಕಾದಾಗ ಟೆಂಟ್ ಹೊಡದು ತಮಾಷೆ ತೋರಸ್ತಿದ್ರು. ಟೆಂಟಿನ ಹೊರಗ ನಿಂತು ಒಬ್ಬಾಂವ ಕೂಗಾಂವ, ಒಂದಿಷ್ಟು ಪುಕ್ಕಟೆ ತೋರಸಾಂವ. ಆ ಗದ್ಲಕ್ಕ ಬ್ಯಾಲಿಹೂ ಅಂತಾರ. ಶಬ್ದ ಎಲ್ಲಿಂದ ಬಂತು ಯಾರಿಗೂ ಪಕ್ಕಾ ಗೊತ್ತಿಲ್ಲ. ಐರ್ಲೆಂಡಿನ ಒಂದು ಹಳ್ಳಿ ಹೆಸರು ಅಂತ ಒಬ್ರು. ಒಂದು ಖೊಟ್ಟಿ ಹಡಗದ ಹೆಸರು ಅಂತ ಇನ್ನೊಬ್ರು."

"ಅವ್ವ-ಅಪ್ಪ ಗೊತ್ತಿಲ್ಲದ ಶಬ್ದ ಅಂದಂಗಾತು. ನಾವು ಬೊಬ್ಬಿ ಅಂತೀವ್ರಿ" ಎಂದ ರಾಯಪ್ಪ.

ಎಲ್ಲರೂ ನಕ್ಕರು. ಸಾವಂತ್ರವ್ವ ತಲೆ ಎತ್ತಿದಳು. "ಟೆಂಟಿನ ಒಳಗ ಏನಿರ್ತಿತ್ರಿ?"

"ಒಳಗ ಹೋಗೂದ್ರಾಗ ಟಿಕೀಟ ಹರದಿರ್ತಿತ್ತವಾ!"

ಕೈ ತೊಳೆಯುವಾಗ ರಾಯಪ್ಪ ಬಾಳಾಸಾಹೇಬನ ಬಾಜು ನಿಂತ. "ಸಾಹೇಬ್ರ, ಆಕಿ ಕೈಯಾಗ ಕೂಸು ಕೊಡಬ್ಯಾಡ್ರಿ. ಆಕಿದು ಸತ್ತೈತಿ. ಸೇಡು ತೀರಸ್ತಾಳ. ಇವತ್ತಲ್ಲ ನಾಳೆ ಈ ಕೂಸೂ ಹೋಗ್ತೈತಿ."

ಬಾಳಾಸಾಹೇಬ ಬಾಯಿ ಮುಕ್ಕಳಿಸಿ ಉಗುಳಿದ. "ನೀ ಗಾಡಿ ಹೊಡಿ."

ಹಿಂದೆ ನಿಂತಿದ್ದ ಕಾಂತಾ ಎಲ್ಲ ಕೇಳಿಸಿಕೊಂಡಿದ್ದಳು. ಹೆತ್ತವಳು ಹೌಹಾರಬೇಕಿತ್ತು. ನೆಲ ನೋಡಿದಳು, ಅಷ್ಟೆ.

ಜಾಂಬೋಟಿಯಲ್ಲಿ ಗದ್ದೆ ಕೆಲಸ ಬಿಟ್ಟು ಹೆಂಗಸರು ಬಂದಿದ್ದರು. ಡಬ್ಬಿಗಳ ನಡುವೆ ನಿಂತು ಕಾಂತಾ ಕೂಗಿದಳು, ಎದಿಹಾಲು ಬತ್ತಿತ್ರೀ ಯವ್ವಗೋಳ್ರಾ ಎಂದು. ಮುಂದಿನ ಸಾಲಿನಲ್ಲಿ ಒಬ್ಬ ಎಳೆಯ ಹೆಂಗಸು ಕೂಸಿಗೆ ಮೊಲೆ ಕೊಡುತ್ತಿದ್ದಳು. ಡಬ್ಬಿ ಹತ್ತಿರ ಬಂತು. ಆಕೆ ಕೂಸಿನ ಬಾಯಿ ಬಿಡಿಸಿ ಎರಡೂ ಕೈ ಚಾಚಿದಳು. ಕೂಸು ಚೀರಿತು. ಅದರ ದನಿಗೆ ಕಾಂತಾಳ ಕೂಸೂ ಚೀರಿತು.

ಬಾಳಾಸಾಹೇಬನ ಕಣ್ಣು ಹೊರಳಿತು. ಸಾವಂತ್ರವ್ವ ಕೂಸನ್ನೆತ್ತಿಕೊಂಡಳು. ಆದರೆ ಕಾಲು ಕೀಳಲಿಲ್ಲ. ಮುಂದಿನ ಸಾಲಿನ ಹೆಂಗಸನ್ನೇ ನೋಡುತ್ತ ನಿಂತಳು.

ರಾಯಪ್ಪ ಜೀಪಿನಿಂದ ಜಿಗಿದು ಅಡ್ಡ ಬಂದ. "ಪರದೆ ಒಳಗ ಬ್ಯಾಡ ಅಕ್ಕಾ. ಏನ ಕೊಡ್ತಿ, ಎಲ್ಲಾರ ಮುಂದ ಕೊಡು!"

ಗುಂಪು ಇತ್ತ ತಿರುಗಿತು.

"ಏ ರಾಯಪ್ಪಾ, ಸರಿ ಬಾಜೂಕ!" ಬಾಳಾಸಾಹೇಬ ಹಲ್ಲು ಕಚ್ಚಿದ. "ಸಾವಂತ್ರವ್ವಾ, ಜೀಪಿನ ಹಿಂದ ಹೋಗು."

"ಒಲ್ಲೆರೀ."

"ಹೋಗಂದ್ನೆಲ್ಲ!"

"ಹೋಗೂದಿಲ್ಲ."

ಡಬ್ಬಿಗಳ ನಡುವೆಯೇ ಕುಳಿತು, ಜಾಂಬೋಟಿಯ ತಾಯಂದಿರೆಲ್ಲ ನೋಡುತ್ತಿದ್ದಂತೆ ಸಾವಂತ್ರವ್ವ ಕುಪ್ಪಸದ ಗಂಟು ಬಿಚ್ಚಿದಳು; ಕಂಪನಿಯ ಕೂಸು ದಿನವೂ ಪರದೆಯೊಳಗೆ ಕುಡಿಯುತ್ತಿದ್ದ ಮೊಲೆಯನ್ನು ತಾನೇ ಹುಡುಕಿ ಬಾಯಿಗಿಟ್ಟುಕೊಂಡಿತು.