ಬೆಣ್ಣೆ ಕೇಳಿದ ಅಳಿಯ

“ನನ್ನ ಲಾಬ್‌ಸ್ಟರ್ ರೋಲ್‌ಗೆ ಮಯೊನೇಸ್ ಬೇಡ, ಬಿಸಿ ಬೆಣ್ಣೆ ಹಾಕಿ,” ಎಂದು ಅಂಗಡಿಯ ಕಿಟಕಿಯಲ್ಲಿ ಹೇಳಿದ ಕನೆಕ್ಟಿಕಟ್‌ನ ವಾರೆನ್. ಅಮೆರಿಕದ ಮೇನ್ ಕಡಲಲ್ಲಿ ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್ ಹಿಡಿದೇ ಮುದುಕನಾದ ಮರ್ಲ್‌ಗೆ ಮೈಯೆಲ್ಲ ಉರಿಯಿತು. ಮೇನ್‌ನಲ್ಲಿ ಲಾಬ್‌ಸ್ಟರ್ ತುಂಬಿದ ಬನ್ನಿಗೆ ತಣ್ಣನೆ ಮಯೊನೇಸೇ ಸೈ, ಬಿಸಿ ಬೆಣ್ಣೆ ಕನೆಕ್ಟಿಕಟ್‌ನವರ ಚಾಳಿ. “ನಮ್ಮೂರಿಗೆ ಬಂದು ಬೆಣ್ಣೆ ಕೇಳೋನ್ನ ಕಟ್ಕೋತೀಯಾ?” ಎಂದು ಮಗಳ ಕಿವಿಯಲ್ಲಿ ಗೊಣಗಿದ.

“ಸುಮ್ನೆ ತಿನ್ನಪ್ಪ,” ಎಂದಳು ಲೊರೇನ್.

ಮರ್ಲ್ ತಿನ್ನಲು ಬಾಯಿ ತೆರೆಯುವಷ್ಟರಲ್ಲಿ ಕಡಲಹಕ್ಕಿಯೊಂದು ಎರಗಿ, ಅವನ ಕೈಯಲ್ಲಿದ್ದ ರೋಲನ್ನು ಇಡಿಯಾಗಿ ಕಿತ್ತುಕೊಂಡು ಹಾರಿತು. ವಾರೆನ್, “ಕಳ್ಳ ನನ್ಮಗನೆ,” ಎನ್ನುತ್ತ ತನ್ನ ಕಾಲಿನ ಬೂಟು ಕಳಚಿ ಬೀಸಿ ಒಗೆದ. ಹಕ್ಕಿ ತಪ್ಪಿಸಿಕೊಂಡಿತು, ಹೊಸ ಬೂಟು ಕಡಲಿಗೆ ಬಿತ್ತು. ಒಂದು ಕಾಲಲ್ಲಿ ಬರೀ ಕಾಲುಚೀಲ ತೊಟ್ಟು ನಿಂತೇ ಅವನು, ಬೆಣ್ಣೆ ಸೋರುತ್ತಿದ್ದ ತನ್ನ ರೋಲನ್ನು ಮುರಿದು ಅರ್ಧವನ್ನು ಮರ್ಲ್‌ಗೆ ಚಾಚಿದ.

ಮರ್ಲ್ ಅದನ್ನು ನಿಧಾನವಾಗಿ ಅಗಿದು ನುಂಗಿದ. “ದೋಣೀಲಿ ನಂದೊಂದು ಜೊತೆ ಬೂಟಿದೆ, ಹಾಕ್ಕೊಳಪ್ಪ,” ಎಂದ. “ನಾನು ಬೆಣ್ಣೆ ತಿಂದಿದ್ದು ಮಾತ್ರ ಯಾರಿಗೂ ಹೇಳ್ಬೇಡ.”