ಸುಳ್ಳು ಪಿಕ್ಚರ್

‘ಫಾಲತು ಪಿಕ್ಚರ್! ಶುದ್ಧ ಸುಳ್ಳು!’ ಲಾಲಮ್ಮನ ಚಹಾದಂಗಡಿಯ ಬೆಂಚಿನ ಮೇಲೆ ಕೂರುವ ಮೊದಲೇ ಸಾಯಬಣ್ಣ ತೀರ್ಪು ಕೊಟ್ಟುಬಿಟ್ಟ.

ಭಂಕೂರಿನ ಫರ್ಸಿಕಲ್ಲಿನ ಖಣಿಯಲ್ಲಿ ದುಡಿಯುವ ಸಾಯಬಣ್ಣನಿಗೆ ರವಿವಾರ ಬಂತೆಂದರೆ ಕಲಬುರಗಿಗೆ ಹೋಗಿ ಒಂದು ಸಿನಿಮಾ ನೋಡಲೇಬೇಕು. ಸೋಮವಾರ ಖಣಿಗೆ ಇಳಿಯುವ ಮೊದಲು ಅದರ ಚರ್ಮ ಸುಲಿಯಲೇಬೇಕು. ಯಾರ ಮುಲಾಜೂ ಇಲ್ಲ. ಹೋದ ವಾರದ ಸಿನಿಮಾದಲ್ಲಿ ಹೀರೊ ಊರ ಮಂದಿಯನ್ನೆಲ್ಲ ಕಡಿದು ಹಾಕಿದರೂ ಅಂಗಿಯ ಇಸ್ತ್ರಿ ಕೆಡಲಿಲ್ಲವಂತೆ. ಅದರ ಹಿಂದಿನದು ದೆವ್ವದ್ದು. ದೆವ್ವ ಬರುವಷ್ಟರಲ್ಲಿ ಇವನಿಗೆ ನಿದ್ದೆ ಬಂದಿತ್ತಂತೆ. ಇನ್ನೊಂದು ಸಿನಿಮಾ ಮೂರು ತಾಸು ಕೂರಿಸಿ, ಉಳಿದ ಕಥೆಗೆ ಮುಂದಿನ ವರ್ಷ ಬಾ ಎಂದು ಕಳಿಸಿತಂತೆ. ಹೀಗೆ ಮಾತಾಡಿ ಮಾತಾಡಿ ಗಂಟಲು ಒಣಗಿದಾಗ ‘ಯವ್ವಾ, ನೀರು’ ಎನ್ನುವುದು, ಲಾಲಮ್ಮ ಗ್ಲಾಸು ತಂದಿಡುವುದು, ಇದು ಪ್ರತಿ ವಾರದ ವಾಡಿಕೆ.

ಲಾಲಮ್ಮನ ಮಗ ರತ್ನದೀಪ ಇದೇ ಸಾಯಬಣ್ಣನ ಜೊತೆ ಕೆಲಸಕ್ಕಿದ್ದ. ಹೋದ ಬೇಸಿಗೆಯಲ್ಲಿ ಖಣಿಯ ಅಂಚಿನಿಂದ ಜಾರಿ ಕೆಳಗೆ ಬಿದ್ದ. ಸುದ್ದಿ ತಂದವನೂ ಸಾಯಬಣ್ಣನೇ. ‘ಬಿದ್ದ ಕೂಡ್ಲೆ ಹೋದ, ಯವ್ವಾ. ಏನೂ ತ್ರಾಸ ಪಡಲಿಲ್ಲ’ ಎಂದಿದ್ದ. ಮುಖ ನೋಡದೆ ಖರೇ ಮಾತಾಡುವವನು ಹೇಳಿದ್ದೆಂದು ಆ ತಾಯಿ ಅದನ್ನು ಎದೆಗೆ ಅವಚಿಕೊಂಡಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಆ ಮಾತಿನ ಮೇಲೆಯೇ ಮತ್ತೆ ಒಲೆ ಹಚ್ಚಿ ಅಂಗಡಿ ತೆರೆದಿದ್ದಳು.

‘ಈ ಪಿಕ್ಚರ್‌ನಾಗ ಏನ್ ಸುಳ್ಳಂತ?’ ಚಹಾ ಊದುತ್ತ ಕೇಳಿದ ಗುಲಾಮ ದಸ್ತಗೀರ. ಅವನೂ ಅದೇ ಖಣಿಯವನು.

‘ಹೀರೋನ ತಮ್ಮ ಕಿಲ್ಲೇದ ಮ್ಯಾಲಿಂದ ಬಂಡಿಗಲ್ಲಿನ ಮ್ಯಾಲ ಬೀಳ್ತಾನ. ಬಿದ್ದವ “ಅಣ್ಣಾ” ಅಂತಾನ, ಒಮ್ಮಿಗೇ ಕಣ್ಣು ಮುಚ್ತಾನ. ಆತು, ಕಥಿ ಖತಂ! ಹಂಗ ಸಾಯ್ತಾರೇನು?’

‘ಬಿಡೋ ಮಾರಾಯಾ, ಪಿಕ್ಚರ್ ಅಲ್ಲೇನು.’

‘ಪಿಕ್ಚರ್ ಆದ್ರೇನಾತು?’ ಸಾಯಬಣ್ಣನಿಗೆ ಆವೇಶ ಬಂದಿತ್ತು. ಒಮ್ಮೆ ಶುರು ಮಾಡಿದರೆ ಅವನ ಬಾಯಿಗೆ ಬ್ರೇಕಿಲ್ಲ. ‘ಕಲ್ಲಿನ ಮ್ಯಾಲ ಬಿದ್ದವ ಹಂಗ ಗಪ್ಪನೆ ಸಾಯಂಗಿಲ್ಲ. ಸೊಂಟ ಮುರಿದು ಬಿದ್ದಿರ್ತಾನ, ಖಬರ್ ಇರ್ತದ, ಕಣ್ಣು ಬಿಟ್ಟಿರ್ತಾನ. ನೀರು, ನೀರು ಅಂತ ಒಂದೇ ಸವನೆ ಬಡಕೋತಾನ. ಬಿದ್ದವ್ರಿಗಿ ನೀರು ಕೊಟ್ರ ಜೀವ ಹೋಗ್ತದಂತ ಮೇಸ್ತ್ರಿ ಕೊಡಗೊಡಂಗಿಲ್ಲ. ಜೀಪ ಬರೋತನಕ ಬಿಸಿಲಾಗ ಹಂಗೇ ತುಟಿ ನೆಕ್ಕೋತ...’

ದಸ್ತಗೀರ ಅವನ ಕಾಲು ತುಳಿದ. ಅಷ್ಟರಲ್ಲಿ ಬಾಯಿಂದ ಬರಬೇಕಾದ್ದೆಲ್ಲ ಬಂದಾಗಿತ್ತು.

ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲುತ್ತಿತ್ತು. ಲಾಲಮ್ಮ ಅದನ್ನು ಇಳಿಸಲಿಲ್ಲ.

‘ಇದೆಲ್ಲ ಎಲ್ಲಿ ನೋಡಿದಿ, ಸಾಯಬಣ್ಣಾ?’

‘ಅದೇ ಯವ್ವಾ... ಪಿಕ್ಚರ್‌ನಾಗ.’

‘ಪಿಕ್ಚರ್‌ನಾಗ ಅವ ಒಮ್ಮಿಗೇ ಸತ್ತ ಅಂದ್ಯಲ್ಲಾ.’

ಸಾಯಬಣ್ಣ ದಸ್ತಗೀರನ ಕಡೆ ನೋಡಿದ. ದಸ್ತಗೀರ ತನ್ನ ಖಾಲಿ ಕಪ್ಪಿನೊಳಗೆ ಏನನ್ನೋ ಹುಡುಕುತ್ತಿದ್ದ. ರತ್ನದೀಪ ಬಿದ್ದ ದಿನ ನೀರಿನ ಕ್ಯಾನು ಇದ್ದದ್ದು ಸಾಯಬಣ್ಣನ ಕೈಯಲ್ಲಿ. ಮೇಸ್ತ್ರಿ ಬೇಡವೆಂದಾಗ ಅದನ್ನು ಬೆನ್ನ ಹಿಂದೆ ಹಿಡಿದು ನಿಂತವನೂ ಅವನೇ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕೆನಿಸಿತು ಅವನಿಗೆ.

ಲಾಲಮ್ಮ ಕೊಡದಿಂದ ನೀರು ತುಂಬಿದಳು. ಇಂದು ಅವನು ಕೇಳಿರಲಿಲ್ಲ. ಗ್ಲಾಸನ್ನು ತಂದು ಅವನೆದುರು ಇಟ್ಟಳು.

‘ನನ್ನ ಕೂಸು ಭಾಳ ಹೊತ್ತು ನೀರು ಕೇಳಿತೇನಪ್ಪಾ?’

ಸಾಯಬಣ್ಣ ತಲೆ ತಗ್ಗಿಸಿದ. ಗ್ಲಾಸು ಮುಟ್ಟುವ ಧೈರ್ಯ ಬರಲಿಲ್ಲ.

‘ಕುಡಿ,’ ಎಂದಳು ಲಾಲಮ್ಮ. ‘ನೀರು ಕುಡಿದ್ರ ಯಾರೂ ಸಾಯಂಗಿಲ್ಲ.’